ಈ ಟಗರು ಆ ಕುರಿಗೆ ಏನಾಗಬೇಕು? ತಳಿ ಬೆರೆತ ಹಿಂಡುಗಳಲ್ಲಿ ಡಿಎನ್‌ಎಯಿಂದ ರಕ್ತಸಂಬಂಧ ಅಳೆಯುವ ಸಮಗ್ರ ಮಾರ್ಗದರ್ಶಿ

ಭತ್ತದ ಕೊಯ್ಲು ಮುಗಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ನೀರಾವರಿ ಗದ್ದೆಗಳಲ್ಲಿ ಕುರಿಹಿಂಡುಗಳು ಬೀಡುಬಿಡುತ್ತವೆ. ರೈತನಿಗೆ ಗೊಬ್ಬರ, ಕುರಿಗೆ ಕೂಳೆಯ ಮೇವು. ಆ ದಿನಗಳಲ್ಲಿ ಒಂದು ಹಿಂಡಿನ ಟಗರು ಪಕ್ಕದ ಹಿಂಡಿಗೆ ಹೋಗುವುದು, ಸಂತೆಯಿಂದ ಹೊಸ ಟಗರು ಬರುವುದು, ಹಳೆಯದು ಮಾರಾಟವಾಗುವುದು ಎಲ್ಲವೂ ನಡೆಯುತ್ತದೆ. ಕೊಪ್ಪಳ, ರಾಯಚೂರು ಕಡೆಯ ಕೆಂಗುರಿ, ಕಂಬಳಿಯ ಉಣ್ಣೆಗೆ ಹೆಸರಾದ ಬಳ್ಳಾರಿ ಕುರಿ, ಅಲ್ಲಲ್ಲಿ ದಖನಿ: ಮೂರೂ ತಳಿಗಳ ರಕ್ತ ಒಂದೇ ಹಟ್ಟಿಯಲ್ಲಿ ಸಿಗುವುದುಂಟು. ಕೆಲವು ವರ್ಷ ಕಳೆದರೆ ಯಾವ ಟಗರು ಯಾವ ಕುರಿಗೆ ಅಪ್ಪ, ಯಾವುದಕ್ಕೆ ಅಣ್ಣ ಎಂಬ ಲೆಕ್ಕ ಹಿಂಡಿನ ಯಜಮಾನನಿಗೂ ಪೂರ್ತಿ ನೆನಪಿರುವುದಿಲ್ಲ.

ಈ ಲೆಕ್ಕವನ್ನು ಡಿಎನ್‌ಎ ಹೇಳಬಲ್ಲದು. ಆದರೆ ಸಿಕ್ಕಿದ ತಂತ್ರಾಂಶಕ್ಕೆ ದತ್ತಾಂಶ ತುಂಬಿ ಗುಂಡಿ ಒತ್ತಿದರೆ ಅದು ಹೇಳುವುದು ಬಹುಪಾಲು ಸುಳ್ಳು. ಪಶುವೈದ್ಯಕೀಯ ಅಥವಾ ಕೃಷಿ ಸ್ನಾತಕೋತ್ತರ ವಿದ್ಯಾರ್ಥಿಗಳು, ತಳಿ ಸಂರಕ್ಷಣೆಯ ಕೆಲಸದಲ್ಲಿರುವವರು, ಡಿಎನ್‌ಎ ಚಿಪ್ (ಡಿಎನ್‌ಎಯ ಸಾವಿರಾರು ತಾಣಗಳನ್ನು ಒಮ್ಮೆಗೇ ಓದುವ ಫಲಕ) ಕೊಟ್ಟ ದತ್ತಾಂಶ ಕೈಯಲ್ಲಿಟ್ಟುಕೊಂಡು ಮುಂದೇನು ಎಂದು ಕುಳಿತವರು ಈ ಬರಹದ ಓದುಗರು.

ಮೊದಲು ತಿಳಿಯಬೇಕಾದ ಸಂಖ್ಯೆಗಳು

ಎರಡು ಜೀವಿಗಳಿಂದ, ಡಿಎನ್‌ಎಯ ಒಂದೇ ತಾಣದಲ್ಲಿ, ಒಂದೊಂದು ಆಲೀಲ್ (ಆ ತಾಣದಲ್ಲಿರುವ ಜೀನ್ ರೂಪ) ಅನ್ನು ಕಣ್ಣುಮುಚ್ಚಿ ತೆಗೆದರೆ ಅವೆರಡೂ ಒಬ್ಬನೇ ಪೂರ್ವಜನಿಂದ ಬಂದ ಪ್ರತಿಗಳಾಗಿರುವ ಸಂಭವವೇ ಬಂಧುತ್ವ ಗುಣಾಂಕ. ಈ ಪರಿಕಲ್ಪನೆಯ ಬುನಾದಿ ಸಿವಾಲ್ ರೈಟ್ 1922ರಲ್ಲಿ ಮಂಡಿಸಿದ ಲೆಕ್ಕಗಳಲ್ಲಿದೆ. ಸಂಭವದ ರೂಪದ ವ್ಯಾಖ್ಯೆ ಕೊಟ್ಟವರು ಗುಸ್ತಾವ್ ಮಾಲೆಕೊ, 1948ರಲ್ಲಿ. ತಾಯಿ ಮತ್ತು ಮರಿಗೆ ಇದು 0.25, ಒಂದೇ ತಂದೆತಾಯಿಯ ಮರಿಗಳ ನಡುವೆಯೂ 0.25. ತಂದೆ ಮಾತ್ರ ಒಬ್ಬನೇ ಆದರೆ 0.125. ಅಣ್ಣತಮ್ಮಂದಿರ ಮಕ್ಕಳ ನಡುವೆ 0.0625. ಹಿಂಡಿನಲ್ಲಿ ಅತಿ ಹೆಚ್ಚು ಕಾಣಸಿಗುವುದು ಮೂರನೆಯ ಬಗೆ, ಅಂದರೆ ಅಪ್ಪ ಒಬ್ಬನೇ, ತಾಯಂದಿರು ಬೇರೆ ಬೇರೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸಿಕೊಳ್ಳಿ. ಕೆಲವು ತಂತ್ರಾಂಶಗಳು ಬಂಧುತ್ವ ಗುಣಾಂಕವನ್ನು ಕೊಡುತ್ತವೆ, ಕೆಲವು ಅದರ ಎರಡರಷ್ಟನ್ನು. ಪ್ಲಿಂಕ್ ಎಂಬ ತಂತ್ರಾಂಶ ಕೊಡುವ ಪೈ-ಹ್ಯಾಟ್ ಎಂಬ ಅಳತೆ ಎರಡರಷ್ಟು. ತಳಿ ಅಭಿವೃದ್ಧಿಯವರು ಬಳಸುವ ಜೀನೋಮಿಕ್ ಸಂಬಂಧ ಕೋಷ್ಟಕವೂ ಎರಡರಷ್ಟರ ಅಳತೆಯಲ್ಲೇ ಇರುತ್ತದೆ. ಮುಂದೆ ಬಳಸಲಿರುವ ಕಿಂಗ್ ಮತ್ತು ಪಿಸಿ-ರಿಲೇಟ್ ವಿಧಾನಗಳು ಕೊಡುವುದು ನೇರ ಗುಣಾಂಕ. ಒಬ್ಬರ ಕೋಷ್ಟಕದ 0.25 ಇನ್ನೊಬ್ಬರ 0.125 ಎಂದು ಗೊತ್ತಿಲ್ಲದೆ ನಡೆಯುವ ವಾದಗಳಿಗೆ ಕೊನೆಯಿಲ್ಲ.

ತಳಿಗಳು ಬೆರೆತಲ್ಲಿ ಸಾಮಾನ್ಯ ಲೆಕ್ಕ ಏಕೆ ಎಡವುತ್ತದೆ

ಇಡೀ ಮಾರ್ಗದರ್ಶಿಯ ತಿರುಳು ಇಲ್ಲಿದೆ, ಆದ್ದರಿಂದ ಪೆನ್ನು ಕಾಗದ ಹಿಡಿದು ಓದಿ. ರಕ್ತಸಂಬಂಧ ಯಾವಾಗಲೂ ಯಾವುದೋ ಒಂದು ಬುನಾದಿ ಸಮೂಹಕ್ಕೆ ಹೋಲಿಸಿದ ಸಂಖ್ಯೆ. ಆ ಬುನಾದಿ ಯಾವುದು ಎಂದು ನೀವು ತೀರ್ಮಾನಿಸದಿದ್ದರೆ ತಂತ್ರಾಂಶವೇ ತೀರ್ಮಾನಿಸುತ್ತದೆ. ಅದರ ಆಯ್ಕೆ ಸಾಮಾನ್ಯವಾಗಿ 'ನೀವು ಕೊಟ್ಟ ಎಲ್ಲ ಮಾದರಿಗಳ ಸರಾಸರಿ'.

ಒಂದು ಕಾಲ್ಪನಿಕ ತಾಣ ತೆಗೆದುಕೊಳ್ಳೋಣ. ಅಲ್ಲಿ ಒಂದು ಆಲೀಲ್‌ನ ಆವರ್ತನ (ತಳಿಯಲ್ಲಿ ಅದರ ಪಾಲು) ಬಳ್ಳಾರಿ ಕುರಿಯಲ್ಲಿ 0.8, ಕೆಂಗುರಿಯಲ್ಲಿ 0.2 ಇದೆ. ಎರಡರಿಂದಲೂ ಸಮಸಂಖ್ಯೆಯ ಮಾದರಿ ಇದ್ದರೆ ಒಟ್ಟು ಸರಾಸರಿ 0.5. ಪ್ರತಿ ಕುರಿಯಲ್ಲಿ ಆ ಆಲೀಲ್‌ನ ಪ್ರತಿಗಳು ಸರಾಸರಿ ಎಷ್ಟಿರಬೇಕು? ಸರಾಸರಿ ಆವರ್ತನದ ಪ್ರಕಾರ 1. ನಿಜದಲ್ಲಿ ಬಳ್ಳಾರಿ ಕುರಿಯಲ್ಲಿ 1.6, ಕೆಂಗುರಿಯಲ್ಲಿ 0.4. ಈಗ ಯಾವ ಸಂಬಂಧವೂ ಇಲ್ಲದ ಎರಡು ಬಳ್ಳಾರಿ ಕುರಿಗಳನ್ನು ಹೋಲಿಸಿ. ಎರಡೂ ಸರಾಸರಿಯಿಂದ 0.6 ಮೇಲಿವೆ, ಗುಣಿಸಿದರೆ 0.36. ಛೇದದಲ್ಲಿ ಬರುವುದು 4 × 0.5 × 0.5, ಅಂದರೆ 1. ಬಂಧುತ್ವ 0.36 ಎಂದಾಯಿತು! ಒಡಹುಟ್ಟಿದವುಗಳಿಗೂ 0.25 ಇರುವಾಗ, ಸಂಬಂಧವೇ ಇಲ್ಲದ ಕುರಿಗಳು ಅದಕ್ಕಿಂತ ಹತ್ತಿರದವು ಎಂದು ಲೆಕ್ಕ ಹೇಳುತ್ತಿದೆ. ಬಳ್ಳಾರಿಯ ಒಂದು, ಕೆಂಗುರಿಯ ಒಂದು ತೆಗೆದುಕೊಂಡರೆ ಉತ್ತರ ಋಣ 0.36.

ನಿಜವಾದ ತಾಣಗಳಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಿರುವುದಿಲ್ಲ, ನಿಜ. ಆದರೆ ನಿಯಮ ಅದೇ: ಹೀಗೆ ಹುಟ್ಟುವ ಸುಳ್ಳು ಬಂಧುತ್ವ ತಳಿಗಳ ನಡುವಿನ ಎಫ್‌ಎಸ್‌ಟಿ (ಆಲೀಲ್ ಆವರ್ತನಗಳು ಎಷ್ಟು ಬೇರೆಯಾಗಿವೆ ಎಂಬ ಅಳತೆ) ಮೌಲ್ಯಕ್ಕೆ ಸರಿಸುಮಾರು ಸಮ. ಎಫ್‌ಎಸ್‌ಟಿ ಕೇವಲ 0.05 ಇದ್ದರೂ ಒಂದೇ ತಳಿಯ ಅಪರಿಚಿತ ಕುರಿಗಳೆಲ್ಲ ಹೆಚ್ಚುಕಡಿಮೆ ಅಣ್ಣತಮ್ಮಂದಿರ ಮಕ್ಕಳಂತೆ ಕಾಣುತ್ತವೆ. ಊರಿನವರೆಲ್ಲರೂ ಬೀಗರು ಎಂದು ಹೇಳಿದ ಹಾಗೆ. ಯಾರನ್ನು ಮದುವೆಗೆ ಕರೆಯಬೇಕು ಎಂಬ ಪ್ರಶ್ನೆಗೆ ಆ ಉತ್ತರದಿಂದ ಉಪಯೋಗವಿಲ್ಲ.

ಹೆಜ್ಜೆ 1: ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ

ಒಳತಳಿ ಸಂವರ್ಧನೆ (ರಕ್ತಸಂಬಂಧಿಗಳ ಕೂಡಿಕೆ) ತಪ್ಪಿಸಲು ಟಗರು ಆರಿಸಬೇಕೇ? ಮರಿಯ ತಂದೆ ಯಾರೆಂದು ಪತ್ತೆ ಹಚ್ಚಬೇಕೇ? ಅಥವಾ ತೂಕ, ರೋಗನಿರೋಧದಂತಹ ಗುಣಗಳ ಅನುವಂಶೀಯತೆ ಲೆಕ್ಕ ಹಾಕಬೇಕೇ? ಮೊದಲ ಎರಡಕ್ಕೆ ಇತ್ತೀಚಿನ ತಲೆಮಾರುಗಳ ಬಂಧುತ್ವ ಬೇಕು; ತಳಿಯ ಹಳೆಯ ಚರಿತ್ರೆಯನ್ನು ಅದರಿಂದ ಕಳೆಯಬೇಕು. ನಾನು ಇಲ್ಲಿ ಮೊದಲನೆಯದನ್ನು ಹಿಡಿದು ಹೊರಟಿದ್ದೇನೆ. ನಮ್ಮ ಕಡೆ ಅದೇ ತುರ್ತಿನದು: ಎರಡು ಟಗರು, ಅರವತ್ತು ಹೆಣ್ಣು ಕುರಿ ಇರುವ ಹಿಂಡಿನ ಪರಿಣಾಮಕಾರಿ ಗಾತ್ರ (ಒಳತಳಿಯ ಲೆಕ್ಕಕ್ಕೆ ಬರುವ ಗಾತ್ರ) 62 ಅಲ್ಲ. ಗಂಡು ಹೆಣ್ಣುಗಳ ಸಂಖ್ಯೆಗಳನ್ನು ಗುಣಿಸಿ ನಾಲ್ಕರಿಂದ ಗುಣಿಸಿ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ 480 ÷ 62, ಅಂದರೆ ಎಂಟಕ್ಕೂ ಕಡಿಮೆ. ಹೊರಗಿನ ಟಗರು ಬರದೇ ಹೋದರೆ ಪ್ರತಿ ತಲೆಮಾರಿಗೆ ಒಳತಳಿ ಪ್ರಮಾಣ ಶೇ 6.5ರಷ್ಟು ಏರುತ್ತದೆ.

ಹೆಜ್ಜೆ 2: ಮಾದರಿ ಸಂಗ್ರಹ, ಜೊತೆಗೆ ಕುರಿಗಾಹಿಯ ಮಾತು

ಒಂದೇ ಹಟ್ಟಿಯಿಂದ ಐವತ್ತು ಮಾದರಿ ತರುವುದಕ್ಕಿಂತ ಹತ್ತು ಹಟ್ಟಿಗಳಿಂದ ಐದೈದು ತರುವುದು ಮೇಲು. ಪ್ರತಿ ತಳಿಗೂ ಪರಸ್ಪರ ಸಂಬಂಧವಿಲ್ಲದ ಇಪ್ಪತ್ತು ಮೂವತ್ತು ಕುರಿಗಳಾದರೂ ಇರಲಿ. ಆವರ್ತನಗಳ ಅಂದಾಜು ನಿಲ್ಲುವುದು ಅವುಗಳ ಮೇಲೆ. ಕೆಂಗುರಿಗೆ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆ, ಬಳ್ಳಾರಿ ತಳಿಗೆ ಬಳ್ಳಾರಿ, ಸಂಡೂರು ಕಡೆ ಹಂಚಿ ತೆಗೆದರೆ ಒಳ್ಳೆಯದು. ಆಮೇಲೆ ನಿಮ್ಮ ಆಸಕ್ತಿಯ ಹಿಂಡುಗಳನ್ನು ಪೂರ್ತಿಯಾಗಿ ಮಾದರಿ ಮಾಡಿ.

ರಕ್ತವಾದರೆ ಕುತ್ತಿಗೆಯ ರಕ್ತನಾಳದಿಂದ ಪಶುವೈದ್ಯರ ಕೈಯಲ್ಲೇ ತೆಗೆಸಿ, ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಕೊಳವೆಯಲ್ಲಿ, ತಂಪಿನಲ್ಲಿ. ರಾಯಚೂರಿನ ಬಿಸಿಲಿನಲ್ಲಿ ಮೋಟಾರ್ ಸೈಕಲ್ ಡಿಕ್ಕಿಯಲ್ಲಿ ಇಟ್ಟ ರಕ್ತದಿಂದ ಒಳ್ಳೆಯ ಡಿಎನ್‌ಎ ನಿರೀಕ್ಷಿಸಬೇಡಿ. ಕಿವಿಯ ಅಂಚಿನ ಚೂರಾದರೆ ಸಾಗಿಸುವುದು ಸುಲಭ.

ಕಾಗದದಲ್ಲಿ ಬರೆಯಬೇಕಾದ್ದು ಇನ್ನೂ ಮುಖ್ಯ. ಕಿವಿಯೋಲೆ ಇದ್ದರೆ ಅದರ 12 ಅಂಕಿ, ಇಲ್ಲದಿದ್ದರೆ ನಿಮ್ಮದೇ ಗುರುತು, ವಯಸ್ಸು, ಹಲ್ಲು ನೋಡಿ, ಟಗರು ಎಲ್ಲಿಂದ ಬಂತು, ಯಾವಾಗ, ತಾಯಿ ಯಾವುದು. ಕೊನೆಯದನ್ನು ಹಗುರವಾಗಿ ಕಾಣಬೇಡಿ. ಸಂಜೆ ಹಿಂಡು ಹಟ್ಟಿಗೆ ಬಂದಾಗ ಮರಿಗಳನ್ನು ತಾಯಂದಿರ ಬಳಿ ಬಿಡುವ ಕುರಿಗಾಹಿಗೆ ಯಾವ ಮರಿ ಯಾರದ್ದು ಎಂಬುದು ಗೊತ್ತಿರುತ್ತದೆ. ಅವನು ತೋರಿಸಿದ ಹತ್ತು ಹದಿನೈದು ತಾಯಿಮರಿ ಜೋಡಿಗಳು ನಿಮ್ಮ ಇಡೀ ವಿಶ್ಲೇಷಣೆಯನ್ನು ಒರೆಗೆ ಹಚ್ಚುವ ಕಲ್ಲು. ತಂದೆಯ ವಿಷಯದಲ್ಲಿ ಮಾತ್ರ ಅವನ ಮಾತನ್ನು ಊಹೆ ಎಂದೇ ಬರೆದುಕೊಳ್ಳಿ.

ಹೆಜ್ಜೆ 3: ಗುರುತುಗಳ ಆಯ್ಕೆ

ಕುರಿಗೆ ಇಲ್ಯುಮಿನಾ ಕಂಪನಿಯ 50ಕೆ ಚಿಪ್ ಇದೆ. ಅದರಲ್ಲಿ 54,241 ತಾಣಗಳಿವೆ. ಇಷ್ಟಿದ್ದರೆ ಮೂರನೆಯ ಹಂತದ (ಅಣ್ಣತಮ್ಮಂದಿರ ಮಕ್ಕಳಂಥ) ಸಂಬಂಧದವರೆಗೆ ಧೈರ್ಯವಾಗಿ ಹೋಗಬಹುದು. ಇಪ್ಪತ್ತು ಮೂವತ್ತು ಮೈಕ್ರೋಸ್ಯಾಟಲೈಟ್‌ಗಳಿಂದ (ಮತ್ತೆ ಮತ್ತೆ ಬರುವ ಚಿಕ್ಕ ಡಿಎನ್‌ಎ ತುಣುಕುಗಳ ಗುರುತುಗಳಿಂದ) ತಂದೆತಾಯಿ ಪತ್ತೆ ಮಾಡಬಹುದೇ ಹೊರತು, ದೂರದ ಸಂಬಂಧವನ್ನು ಸಂಬಂಧವಿಲ್ಲದಿರುವಿಕೆಯಿಂದ ಬಿಡಿಸುವುದು ಕಷ್ಟ.

ಈ ಚಿಪ್‌ನ ತಾಣಗಳನ್ನು ಆರಿಸಿದಾಗ ಮುಂದಿದ್ದದ್ದು ನಮ್ಮ ತಳಿಗಳಲ್ಲ ಎಂಬುದು ನೆನಪಿರಲಿ. ಹಾಗಾಗಿ ಒಂದು ತಳಿಯ ವೈವಿಧ್ಯ ಕಡಿಮೆ ಎಂದು ಚಿಪ್ ತೋರಿಸಿದರೆ ಅದು ತಳಿಯ ದೋಷವೇ ಆಗಿರಬೇಕಿಲ್ಲ, ಚಿಪ್‌ನ ಪಕ್ಷಪಾತವೂ ಇರಬಹುದು.

ಹೆಜ್ಜೆ 4: ದತ್ತಾಂಶ ಹಸನು ಮಾಡುವುದು

ಕುರಿಯಲ್ಲಿ 26 ಜೋಡಿ ದೈಹಿಕ ವರ್ಣತಂತುಗಳಿವೆ, ಮೇಲೆ ಒಂದು ಜೋಡಿ ಲಿಂಗ ವರ್ಣತಂತು. ಪ್ಲಿಂಕ್‌ನಂತಹ ತಂತ್ರಾಂಶ ಹೇಳದಿದ್ದರೆ ಮನುಷ್ಯನ 22 ಜೋಡಿ ಎಂದೇ ಭಾವಿಸುತ್ತದೆ; ಜೀವಿ ಕುರಿ ಎಂದು ಮೊದಲೇ ತಿಳಿಸಿ. ಲಿಂಗ ವರ್ಣತಂತುಗಳನ್ನು ಬಿಡಿ. ಶೇ 5ಕ್ಕಿಂತ ಹೆಚ್ಚು ಓದು ಸಿಗದೇ ಹೋಗಿರುವ ತಾಣಗಳನ್ನೂ ಮಾದರಿಗಳನ್ನೂ ತೆಗೆಯಿರಿ. ತೀರಾ ಅಪರೂಪದ ಆಲೀಲ್‌ಗಳು, ಅಂದರೆ ಆವರ್ತನ 0.01ರಿಂದ 0.05ರ ಒಳಗಿನ ಯಾವುದಾದರೂ ಮಿತಿಗಿಂತ ಕೆಳಗಿನವು, ಹೋಗಲಿ.

ಇಲ್ಲಿ ಒಂದು ಗುಂಡಿಯಿದೆ, ಅದಕ್ಕೆ ಬೀಳುವವರು ಬಹಳ. ಪಠ್ಯಪುಸ್ತಕದ ಪ್ರಕಾರ ಹಾರ್ಡಿ-ವೈನ್‌ಬರ್ಗ್ ಸಮತೋಲದಿಂದ (ಮುಕ್ತವಾಗಿ ಕೂಡುವ ಒಂದೇ ಸಮೂಹದಲ್ಲಿ ನಿರೀಕ್ಷಿಸುವ ಪ್ರಮಾಣಗಳಿಂದ) ದೂರವಿರುವ ತಾಣಗಳನ್ನು ತೆಗೆಯಬೇಕು. ಬೆರೆತ ಮಾದರಿಯಲ್ಲಿ ಹಾಗೆ ಮಾಡಿದರೆ ಕೆಟ್ಟ ತಾಣಗಳ ಜೊತೆಗೆ ತಳಿಗಳನ್ನು ಬೇರ್ಪಡಿಸುವ ಒಳ್ಳೆಯ ತಾಣಗಳೂ ಹೋಗುತ್ತವೆ. ಮೇಲಿನ ಉದಾಹರಣೆಯನ್ನೇ ನೋಡಿ: ಎರಡು ತಳಿಗಳಲ್ಲೂ ವಿಷಮಯುಗ್ಮಜಗಳ (ಆ ತಾಣದಲ್ಲಿ ಎರಡು ಬೇರೆ ಆಲೀಲ್ ಇರುವ ಕುರಿಗಳ) ಪ್ರಮಾಣ 0.32. ಸರಾಸರಿ ಆವರ್ತನ 0.5ರಿಂದ ನಿರೀಕ್ಷಿಸುವುದು 0.5. ಅಳತೆಯಲ್ಲಿ ಯಾವ ತಪ್ಪೂ ಇಲ್ಲದೆ ತಾಣ ಪರೀಕ್ಷೆಯಲ್ಲಿ ನಪಾಸಾಗುತ್ತದೆ. ಇದಕ್ಕೆ ವಾಲುಂಡ್ ಪರಿಣಾಮ ಎಂದು ಹೆಸರು. ಪರೀಕ್ಷೆ ಮಾಡಲೇಬೇಕೆಂದರೆ ತಳಿವಾರು ಮಾಡಿ.

ಕೊನೆಗೆ, ಒಂದಕ್ಕೊಂದು ಅಂಟಿಕೊಂಡು ಸಾಗುವ ತಾಣಗಳನ್ನು ಸವರಿ. ಐವತ್ತು ತಾಣಗಳ ಕಿಟಕಿ, ಐದರ ಜಾರುವಿಕೆ, ಸಹಸಂಬಂಧದ ವರ್ಗ 0.2 ಎಂಬ ಮಿತಿ ಎಲ್ಲರೂ ಬಳಸುವಂಥದ್ದು. ಉಳಿಯುವ ತಾಣಗಳು ಹತ್ತು ಸಾವಿರದ ಮೇಲಿದ್ದರೆ ಕೆಲಸ ನಡೆಯುತ್ತದೆ.

ಹೆಜ್ಜೆ 5: ಮೊದಲ ಸುತ್ತು, ಕಿಂಗ್

2010ರಲ್ಲಿ ಪ್ರಕಟವಾದ ಕಿಂಗ್ ವಿಧಾನದ ಜಾಣತನವೆಂದರೆ ಅದು ಆಲೀಲ್ ಆವರ್ತನವನ್ನೇ ಕೇಳುವುದಿಲ್ಲ. ಜೋಡಿಯ ಎರಡು ಕುರಿಗಳ ಒಳಗೇ ಎಣಿಸಿ ಮುಗಿಸುತ್ತದೆ. ಎರಡೂ ವಿಷಮಯುಗ್ಮಜವಾಗಿರುವ ತಾಣಗಳನ್ನು ಎಣಿಸಿ. ಅದರಿಂದ, ಒಂದು ಈ ಕಡೆಯ ಸಮಯುಗ್ಮಜ (ಎರಡೂ ಆಲೀಲ್ ಒಂದೇ), ಇನ್ನೊಂದು ಆ ಕಡೆಯ ಸಮಯುಗ್ಮಜವಾಗಿರುವ ತಾಣಗಳ ಎರಡರಷ್ಟನ್ನು ಕಳೆಯಿರಿ. ಬಂದದ್ದನ್ನು ಎರಡೂ ಕುರಿಗಳ ವಿಷಮಯುಗ್ಮಜ ತಾಣಗಳ ಮೊತ್ತದಿಂದ ಭಾಗಿಸಿ.

ಲೆಕ್ಕ ಹಾಕಿ ನೋಡೋಣ. ಹತ್ತು ಸಾವಿರ ತಾಣಗಳಲ್ಲಿ ಮೊದಲ ಮರಿಯಲ್ಲಿ 3,800, ಎರಡನೆಯದರಲ್ಲಿ 3,600 ವಿಷಮಯುಗ್ಮಜ. ಎರಡರಲ್ಲೂ ಹಾಗಿರುವವು 2,190. ಎದುರುಬದುರು ಸಮಯುಗ್ಮಜಗಳು 160. 2,190ರಲ್ಲಿ 320 ಕಳೆದರೆ 1,870. ಅದನ್ನು 7,400ರಿಂದ ಭಾಗಿಸಿದರೆ 0.253. ಮೊದಲ ಹಂತದ ಸಂಬಂಧ. ಇವು ತಂದೆಮರಿಯೋ, ಒಡಹುಟ್ಟಿದವೋ? ತಂದೆ ಪ್ರತಿ ತಾಣದಲ್ಲೂ ಮರಿಗೆ ಒಂದು ಆಲೀಲ್ ಕೊಟ್ಟೇ ಇರುತ್ತಾನೆ, ಹಾಗಾಗಿ ಎದುರುಬದುರು ತಾಣಗಳು ಓದಿನ ದೋಷದ ಬೆರಳೆಣಿಕೆಯಷ್ಟು ಬಿಟ್ಟರೆ ಇರಲಾಗದು. 160 ಇವೆ ಎಂದಮೇಲೆ ಇವು ಒಡಹುಟ್ಟಿದವು.

ಮಿತಿಗಳು ಹೀಗೆ: 0.354ಕ್ಕಿಂತ ಮೇಲೆ ಒಂದೇ ಕುರಿಯ ಎರಡು ಮಾದರಿ ಅಥವಾ ಏಕಾಂಡ ಅವಳಿ, 0.177ರಿಂದ 0.354 ಮೊದಲ ಹಂತ, 0.0884ರಿಂದ 0.177 ಎರಡನೆಯ ಹಂತ, 0.0442ರಿಂದ 0.0884 ಮೂರನೆಯದು. ಬೇರೆ ಬೇರೆ ತಳಿಯ ಜೋಡಿಗಳಿಗೆ ಋಣ ಸಂಖ್ಯೆ ಬಂದರೆ ಗಾಬರಿ ಬೇಡ, ಅವು ಸಂಬಂಧಿಗಳಲ್ಲ ಎಂದು ಓದಿಕೊಳ್ಳಿ.

ಹಾಗಾದರೆ ಕಿಂಗ್‌ಗೇ ನಿಲ್ಲಿಸಬಹುದಲ್ಲ? ಎರಡೂ ಕುರಿಗಳು ಒಂದೇ ತಳಿಯವಾಗಿದ್ದರೆ ನಿಲ್ಲಿಸಬಹುದು. ಬೆರಕೆ ಮರಿ ಬಂದ ಕೂಡಲೇ ಅದು ತಪ್ಪುತ್ತದೆ. ಕೆಂಗುರಿ ಟಗರಿಗೂ ಬಳ್ಳಾರಿ ಕುರಿಗೂ ಹುಟ್ಟಿದ ಮರಿ ನಮ್ಮ ಮೊದಲ ಉದಾಹರಣೆಯ ತಾಣದಲ್ಲಿ ವಿಷಮಯುಗ್ಮಜವಾಗಿರುವ ಸಂಭವ 0.68. ಅಪ್ಪನದು 0.32. ಇಬ್ಬರೂ ವಿಷಮಯುಗ್ಮಜವಾಗುವ ಸಂಭವ 0.16; ಎದುರುಬದುರು ಸೊನ್ನೆ. ಅಂಥ ತಾಣಗಳೇ ತುಂಬಿದ್ದರೆ ಕಿಂಗ್ ಸೂತ್ರ ಕೊಡುವ ಉತ್ತರ 0.16. ಸಾಕ್ಷಾತ್ ಅಪ್ಪ ಚಿಕ್ಕಪ್ಪನಾಗಿಬಿಟ್ಟ! ಬೆರಕೆ ಹಿಂಡುಗಳಲ್ಲಿ ಕಿಂಗ್ ಫಲಿತಾಂಶವನ್ನು ಅಂತಿಮ ಎಂದು ಬರೆಯುವವರು ಈ ಒಂದು ಲೆಕ್ಕವನ್ನು ಮಾಡಿ ನೋಡಲಿ ಎಂಬುದು ನನ್ನ ಹಟ.

ಹೆಜ್ಜೆ 6: ರಚನೆಯನ್ನು ಅಳೆಯುವುದು

ಬೆರಕೆಯನ್ನು ಲೆಕ್ಕಕ್ಕೆ ತರಲು ಪ್ರತಿ ಕುರಿಯ ವಂಶಮೂಲದ ಪಾಲು ಗೊತ್ತಿರಬೇಕು. ಅದಕ್ಕೆ ಪ್ರಧಾನ ಘಟಕ ವಿಶ್ಲೇಷಣೆ: ಸಾವಿರಾರು ತಾಣಗಳ ವ್ಯತ್ಯಾಸವನ್ನು ಕೆಲವೇ ಅಕ್ಷಗಳಲ್ಲಿ ಹಿಡಿಯುವ ಲೆಕ್ಕ. ಆದರೆ ಒಂದೇ ಟಗರಿನ ನಲವತ್ತು ಮರಿಗಳು ಮಾದರಿಯಲ್ಲಿದ್ದರೆ ಆ ಕುಟುಂಬವೇ ಒಂದು ಅಕ್ಷವನ್ನು ಹಿಡಿದು ಕೂರುತ್ತದೆ. ಆ ಅಕ್ಷವನ್ನು ತಳಿಯೆಂದು ತಿಳಿದು ಮುಂದಿನ ಹೆಜ್ಜೆಯಲ್ಲಿ ಕಳೆದರೆ, ನೀವು ಹುಡುಕುತ್ತಿದ್ದ ಬಂಧುತ್ವವನ್ನೇ ಕಳೆದಂತಾಯಿತು.

2015ರ ಪಿಸಿ-ಏರ್ ವಿಧಾನ ಇದಕ್ಕೆ ಪರಿಹಾರ. ಕಿಂಗ್ ಕೋಷ್ಟಕವನ್ನು ಅದಕ್ಕೆ ಕೊಟ್ಟರೆ ಪರಸ್ಪರ ಸಂಬಂಧವಿಲ್ಲದ, ಆದರೆ ಎಲ್ಲ ತಳಿಗಳನ್ನೂ ಪ್ರತಿನಿಧಿಸುವ ಒಂದು ಗುಂಪನ್ನು ಅದು ಆರಿಸುತ್ತದೆ. ಅಕ್ಷಗಳನ್ನು ಆ ಗುಂಪಿನಿಂದ ಮಾತ್ರ ಎಳೆದು, ಉಳಿದ ಕುರಿಗಳನ್ನು ಅವುಗಳ ಮೇಲೆ ಕೂರಿಸುತ್ತದೆ. ಆರ್ ಭಾಷೆಯ ಜೆನೆಸಿಸ್ ಪ್ಯಾಕೇಜಿನಲ್ಲಿ ಇದು ಸಿಗುತ್ತದೆ, ಉಚಿತ.

ಎಷ್ಟು ಅಕ್ಷ ಇಟ್ಟುಕೊಳ್ಳಬೇಕು? ಮೂರು ತಳಿಗಳಿದ್ದರೆ ಎರಡರಿಂದ ಆರಂಭಿಸಿ. ಪ್ರತಿ ಅಕ್ಷವನ್ನೂ ಚಿತ್ರ ಬಿಡಿಸಿ, ಚುಕ್ಕೆಗಳಿಗೆ ಹಟ್ಟಿಯ ಹೆಸರಿನ ಬಣ್ಣ ಕೊಟ್ಟು ನೋಡಿ. ತಳಿ ಬೇರ್ಪಟ್ಟರೆ ಇಟ್ಟುಕೊಳ್ಳಿ. ಒಂದೇ ಹಟ್ಟಿಯ ಮರಿಗಳು ಮೂಲೆಗೆ ಸರಿದು ನಿಂತರೆ ಬಿಡಿ.

ಹೆಜ್ಜೆ 7: ಎರಡನೆಯ ಸುತ್ತು, ಪಿಸಿ-ರಿಲೇಟ್

2016ರ ಈ ವಿಧಾನ 'ಎಲ್ಲರ ಸರಾಸರಿ' ಎಂಬ ಬುನಾದಿಯನ್ನು ಕಿತ್ತುಹಾಕುತ್ತದೆ. ಪ್ರತಿ ತಾಣದಲ್ಲೂ, ಪ್ರತಿ ಕುರಿಗೂ ಅದರ ಅಕ್ಷಸ್ಥಾನ ನೋಡಿ ಅದರದೇ ನಿರೀಕ್ಷಿತ ಆವರ್ತನ ಲೆಕ್ಕ ಹಾಕುತ್ತದೆ. ನಮ್ಮ ತಾಣದಲ್ಲಿ ಶುದ್ಧ ಕೆಂಗುರಿಗೆ 0.2, ಶುದ್ಧ ಬಳ್ಳಾರಿಗೆ 0.8, ಅರ್ಧಂಬರ್ಧ ಬೆರಕೆಗೆ 0.5. ಆಮೇಲೆ ಪ್ರತಿಯೊಂದೂ ತನ್ನ ನಿರೀಕ್ಷೆಯಿಂದ ಎಷ್ಟು ಸರಿದಿದೆ ಎಂಬುದನ್ನು ಮಾತ್ರ ಹೋಲಿಸುತ್ತದೆ. ಹಿಂದಿನ ಸಂಬಂಧವಿಲ್ಲದ ಬಳ್ಳಾರಿ ಜೋಡಿ ಈಗ ಸರಾಸರಿಯಲ್ಲಿ ಸೊನ್ನೆಗೆ ಬರುತ್ತದೆ. ಚಿಕ್ಕಪ್ಪನಾಗಿದ್ದ ಕೆಂಗುರಿ ಅಪ್ಪ? ಅಂಶದಲ್ಲಿ 0.16, ಛೇದದಲ್ಲಿ 0.8, ಉತ್ತರ 0.2. ಅತಿರೇಕದ ಉದಾಹರಣೆಯಾದ್ದರಿಂದ 0.25ಕ್ಕೆ ಪೂರ್ತಿ ಮುಟ್ಟಲಿಲ್ಲ, ಆದರೆ ಮೊದಲ ಹಂತದ ಮಿತಿಯೊಳಗೆ ಬಂದು ನಿಂತ.

ಸಿಕ್ಕಿದ ಕೋಷ್ಟಕವನ್ನು ಮತ್ತೆ ಪಿಸಿ-ಏರ್‌ಗೆ ಕೊಟ್ಟು, ಸಂಬಂಧವಿಲ್ಲದ ಗುಂಪನ್ನು ಹೊಸದಾಗಿ ಆರಿಸಿ, ಇನ್ನೊಮ್ಮೆ ಪಿಸಿ-ರಿಲೇಟ್ ನಡೆಸಿ. ಬೆರಕೆ ಜೋಡಿಗಳಲ್ಲಿ ಕಿಂಗ್ ಮಾಡಿದ ತಪ್ಪು ಈ ಎರಡನೆಯ ಸುತ್ತಿನಲ್ಲಿ ಸರಿಹೋಗುತ್ತದೆ.

ಇದರ ದುರ್ಬಲತೆಯೂ ಗೊತ್ತಿರಲಿ. ದಖನಿ ಕುರಿಗಳು ಮಾದರಿಯಲ್ಲಿ ಐದಾರೇ ಇದ್ದರೆ ಅವುಗಳ ಆವರ್ತನದ ಅಂದಾಜು ನೆಚ್ಚುವಂತಿರುವುದಿಲ್ಲ. ಅಂಥ ಗುಂಪನ್ನು ಬಲವಂತವಾಗಿ ಸೇರಿಸುವ ಬದಲು ಬೇರೆ ಇಟ್ಟು, ಅದರೊಳಗೆ ಕಿಂಗ್ ಮಾತ್ರ ನಡೆಸುವುದು ಒಳ್ಳೆಯದು.

ಹೆಜ್ಜೆ 8: ಒರೆಗೆ ಹಚ್ಚುವುದು

ಕುರಿಗಾಹಿ ತೋರಿಸಿದ ತಾಯಿಮರಿ ಜೋಡಿಗಳನ್ನು ಈಗ ತೆಗೆಯಿರಿ. ಅವು 0.25ರ ಸುತ್ತ, ಎದುರುಬದುರು ತಾಣಗಳು ಸೊನ್ನೆಯ ಹತ್ತಿರ ಇರಬೇಕು. ಎಲ್ಲವೂ ಒಂದೇ ದಿಕ್ಕಿಗೆ ಸರಿದಿದ್ದರೆ ಅಕ್ಷಗಳ ಸಂಖ್ಯೆ ತಪ್ಪಿದೆ. ಒಂದೆರಡು ಮಾತ್ರ ಸೊನ್ನೆಗೆ ಬಿದ್ದರೆ ಕೊಳವೆಯ ಚೀಟಿ ಅದಲುಬದಲಾಗಿದೆ, ಅಥವಾ ಆ ಮರಿ ಬೇರೆ ತಾಯಿಯ ಹಾಲು ಕುಡಿದು ಬೆಳೆದಿದೆ. 0.25ಕ್ಕಿಂತ ಸ್ಪಷ್ಟವಾಗಿ ಮೇಲೆ ಹೋದರೆ ತಾಯಿ ತಂದೆಯೇ ಪರಸ್ಪರ ಸಂಬಂಧಿಗಳಿರಬಹುದು. ಆ ಮರಿಯ ಜೀನೋಮಿನಲ್ಲಿ ಉದ್ದುದ್ದ ಸಮಯುಗ್ಮಜ ಪಟ್ಟಿಗಳು ಸಿಗುತ್ತವೆಯೇ ನೋಡಿ.

ಗುಣಾಂಕ ಹೇಳುವುದು ಹಂತವನ್ನು, ಸಂಬಂಧದ ಹೆಸರನ್ನಲ್ಲ. 0.125 ಬಂದರೆ ಅಜ್ಜ-ಮೊಮ್ಮಗಳೂ ಇರಬಹುದು, ಮಲಸಹೋದರರೂ ಇರಬಹುದು, ಚಿಕ್ಕಪ್ಪ ಮತ್ತು ಅವನ ಅಣ್ಣನ ಮಗಳೂ ಇರಬಹುದು. ಹಲ್ಲು ನೋಡಿ ಬರೆದ ವಯಸ್ಸು ಇಲ್ಲಿ ಕೆಲಸಕ್ಕೆ ಬರುತ್ತದೆ.

ಇದೇ ವಿಧಾನಗಳು ಮೂಲತಃ ಮನುಷ್ಯರ ಅಧ್ಯಯನಕ್ಕೆಂದು ಹುಟ್ಟಿದವು. ಸೋದರಮಾವ-ಸೊಸೆ ಮದುವೆಯ ರೂಢಿಯಿರುವ ನಮ್ಮ ಸೀಮೆಯಲ್ಲಿ ಆ ಜೋಡಿಯ ಬಂಧುತ್ವ 0.125, ಮಗುವಿನ ಒಳತಳಿ ಗುಣಾಂಕವೂ 0.125. ತಲೆಮಾರುಗಳಿಂದ ಹಾಗೆ ನಡೆದ ಮನೆಗಳಲ್ಲಿ ಮೇಲಿನ ಮಿತಿಗಳು ಒಂದರೊಳಗೊಂದು ನುಗ್ಗುತ್ತವೆ. ಜನರ ಮಾದರಿಯಾದರೆ ಒಪ್ಪಿಗೆ ಮತ್ತು ನೈತಿಕ ಸಮಿತಿಯ ಅನುಮತಿ ಮೊದಲು. ಯಾರೂ ಕೇಳದ ಪಿತೃತ್ವದ ಸುದ್ದಿಯನ್ನು ಹೇಳುವ ಹಕ್ಕು ಸಂಶೋಧಕನಿಗಿಲ್ಲ.

ಹೆಜ್ಜೆ 9: ಟಗರು ಹಂಚುವುದು

ಮರಿಯ ಒಳತಳಿ ಗುಣಾಂಕವೆಂದರೆ ಅದರ ತಂದೆತಾಯಿಯ ಬಂಧುತ್ವ ಗುಣಾಂಕವೇ. ಆದ್ದರಿಂದ ಕೋಷ್ಟಕದಲ್ಲಿ ಟಗರುಗಳನ್ನು ಸಾಲಿನಲ್ಲಿ, ಹೆಣ್ಣು ಕುರಿಗಳನ್ನು ಕಂಬದಲ್ಲಿ ಇಟ್ಟರೆ ಹುಟ್ಟಲಿರುವ ಮರಿಗಳ ಭವಿಷ್ಯ ನೇರವಾಗಿ ಓದಬಹುದು. ಹಿಂಡಿನ ಕುರಿಗಳೊಂದಿಗೆ ಸರಾಸರಿ ಬಂಧುತ್ವ ಅತಿ ಕಡಿಮೆ ಇರುವ ಟಗರನ್ನು ಆರಿಸಿ. ಸರಾಸರಿಯ ಜೊತೆಗೆ 0.0884 ದಾಟಿದ ಜೋಡಿಗಳೆಷ್ಟು ಎಂದೂ ಎಣಿಸಿ. ಕೆಂಗುರಿ ತಳಿ ಉಳಿಯಬೇಕೆಂದರೆ ಬೇರೆ ತಳಿಯ ಟಗರು ತಂದು ಬಂಧುತ್ವ ಇಳಿಸುವುದು ಅಡ್ಡದಾರಿ. ಸಂಖ್ಯೆ ಚೆನ್ನಾಗಿ ಕಾಣುತ್ತದೆ, ತಳಿ ಕರಗುತ್ತದೆ. ಹುಡುಕಾಟ ದೂರದ ಹಟ್ಟಿಯ ಅದೇ ತಳಿಯಲ್ಲಿ ಇರಲಿ.

ಹಿಂಡಿನ ಯಜಮಾನನಿಗೆ ದಶಮಾಂಶದ ಕೋಷ್ಟಕ ಕೊಡಬೇಡಿ. ಒಂದು ಹಾಳೆ ಸಾಕು: ಈ ಗುರುತಿನ ಟಗರು, ಈ ಹಟ್ಟಿಯಿಂದ, ಅದರ ಜೊತೆ ಬಿಡಬಾರದ ಹೆಣ್ಣು ಕುರಿಗಳ ಗುರುತುಗಳು, ಈ ಟಗರಿನ ಹೆಣ್ಣುಮರಿಗಳು ಬೆದೆಗೆ ಬರುವ ತಿಂಗಳು, ಅಷ್ಟರೊಳಗೆ ಟಗರನ್ನು ಬದಲಿಸಬೇಕೆಂಬ ಸೂಚನೆ.